ಚಿಮಣಿಯಲ್ಲಿ ಹೊಗೆ ಇಲ್ಲದ ದಿನ

ಪ್ರತಿ ಮಳೆಗಾಲದಲ್ಲೂ ಪೇಪರಿನಲ್ಲಿ ಒಂದು ಸುದ್ದಿ ಬರುತ್ತದೆ. ಒಳಪುಟದ ಮೂಲೆಯಲ್ಲಿ ನಾಲ್ಕೈದು ಸಾಲು, ಅಷ್ಟೇ. ವಿದ್ಯುತ್ ಬೇಡಿಕೆ ಇಳಿದಿದೆ, ರಾಯಚೂರು ಹತ್ತಿರದ ಶಕ್ತಿನಗರದ ಕಲ್ಲಿದ್ದಲು ಸ್ಥಾವರ ಆರ್‌ಟಿಪಿಎಸ್‌ನಲ್ಲಿ ಇಷ್ಟು ಘಟಕ ನಿಂತಿವೆ, ಬಳ್ಳಾರಿಯಲ್ಲಿ ಇಷ್ಟು, ಯರಮರಸ್‌ನಲ್ಲಿ ಇಷ್ಟು. ಮೊದಲೆಲ್ಲ ಓದಿ ಪುಟ ತಿರುವಿ ಹಾಕುತ್ತಿದ್ದೆ. ಈಚೆಗೆ ಹಾಗಾಗುತ್ತಿಲ್ಲ. ಇದು ಖುಷಿಯ ಸುದ್ದಿಯಾ, ಬೇಜಾರಿನ ಸುದ್ದಿಯಾ ಅನ್ನೋದೇ ತಲೆಯಲ್ಲಿ ಕೊರೆಯುತ್ತಿರುತ್ತದೆ.

ನ್ಯಾಯವಾಗಿ ನೋಡಿದರೆ ಖುಷಿ ಪಡಬೇಕು. 210 ಮೆಗಾವಾಟ್‌ನ ಒಂದು ಘಟಕ ಇಡೀ ದಿನ ಪೂರ್ತಿ ಓಡಿದರೆ 50 ಲಕ್ಷ ಯುನಿಟ್ ಕರೆಂಟು ಬರುತ್ತದೆ. ಅದಕ್ಕೆ 3,000 ಟನ್‌ಗೂ ಜಾಸ್ತಿ ಕಲ್ಲಿದ್ದಲು ಸುಡಬೇಕು. ಒಂದು ಯುನಿಟ್‌ಗೆ ಹತ್ತಿರಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೂ ದಿನಕ್ಕೆ 5,000 ಟನ್ ಆಕಾಶಕ್ಕೆ ಹೋಯಿತು. ಆರ್‌ಟಿಪಿಎಸ್‌ನಲ್ಲಿ ಇಂಥವು ಏಳು, ಜೊತೆಗೆ 250 ಮೆಗಾವಾಟ್‌ನದು ಇನ್ನೊಂದು. ಒಟ್ಟು 1,720 ಮೆಗಾವಾಟ್. ಅಷ್ಟೂ ನಿಂತ ದಿನ ಎಷ್ಟು ಹೊಗೆ ಉಳಿಯಿತು ಅನ್ನೋದನ್ನು ಲೆಕ್ಕ ಹಾಕೋಕೆ ಕ್ಯಾಲ್ಕುಲೇಟರ್ ಕೂಡ ಬೇಡ. ನಾನಿರುವ ಒಂದು ವಾಟ್ಸಾಪ್ ಗುಂಪಿನಲ್ಲಿ ಈ ಸುದ್ದಿ ಬಂದ ಕೂಡಲೇ ಹಸಿರು ಎಲೆ, ಚಪ್ಪಾಳೆ, ನಮಸ್ಕಾರ ಎಲ್ಲ ಸಾಲುಗಟ್ಟುತ್ತವೆ.

ಅದೇ ದಿನ ಮಾವನಿಗೆ ಫೋನ್ ಮಾಡಿದರೆ ಬೇರೆಯೇ ಮಾತು. ಮಾವ ಅಂದರೆ ಅಮ್ಮನ ತಮ್ಮ. ಬಯಲುಸೀಮೆಯ ಒಂದು ಕಲ್ಲಿದ್ದಲು ಸ್ಥಾವರದಲ್ಲಿ ಬಹಳ ವರ್ಷದಿಂದ ಗುತ್ತಿಗೆ ಕೆಲಸ ಮಾಡುತ್ತಾರೆ. ಯಾವ ಸ್ಥಾವರ ಅಂತ ಇಲ್ಲಿ ಬರೆಯುವುದಿಲ್ಲ. ಅವರು ಇನ್ನೂ ಅಲ್ಲೇ ಇದ್ದಾರೆ, ಗೇಟ್ ಪಾಸ್ ಇನ್ನೂ ಗುತ್ತಿಗೆದಾರನ ಕೈಯಲ್ಲೇ ಇದೆ. "ಮಶಿನ್ ನಿಂತಾವ, ನಾವೂ ನಿಂತೀವಿ" ಅನ್ನುತ್ತಾರೆ. ಹಾಜರಿ ಇಲ್ಲದ ದಿನ ಕೂಲಿ ಇಲ್ಲ. ಇಷ್ಟು ಕೇಳಿದರೆ ಇದು ಪರಿಸರ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ ಅನ್ನುವ ಹಳೇ ತಕರಾರು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಅತ್ತೆ ಒಂದು ಸಲ ಹೇಳಿದ ಮಾತು ಈ ಲೆಕ್ಕವನ್ನೇ ಅಡ್ಡಾದಿಡ್ಡಿ ಮಾಡಿತು. ಸ್ಥಾವರ ನಿಂತಾಗಲೇ ತಮ್ಮ ಮನೆಗೆ ಬೂದಿ ಜಾಸ್ತಿ ಬರೋದು ಅಂದರು. ನಿಂತ ಮೇಲೆ ಬೂದಿ ಎಲ್ಲಿಂದ ಬರುತ್ತದೆ? ಆ ಮಾತಿಗೆ ಆಮೇಲೆ ಬರುತ್ತೇನೆ.

ಮಳೆಯನ್ನು ನಂಬಿದ ರಾಜ್ಯ

ನಮ್ಮದು ನೀರಿನಿಂದ ಕರೆಂಟು ಮಾಡಿಕೊಂಡು ಬೆಳೆದ ರಾಜ್ಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು, ಆಮೇಲೆ ಜೋಗ, ಶರಾವತಿ, ಕಾಳಿ. ಈ ಕಥೆ ಶಾಲೆಯಲ್ಲೇ ಓದಿದ್ದೇವೆ. ಶಾಲೆಯಲ್ಲಿ ಅಷ್ಟಾಗಿ ಹೇಳದ ಭಾಗ ಅಂದರೆ ಮಳೆ ಕೈಕೊಟ್ಟ ವರ್ಷ ಏನಾಗುತ್ತಿತ್ತು ಅನ್ನೋದು. ಲಿಂಗನಮಕ್ಕಿ ತುಂಬಲಿಲ್ಲ ಅಂದರೆ ಬೆಂಗಳೂರಿನ ಕಾರ್ಖಾನೆಗೆ ಪವರ್ ಕಟ್. ಸಾಗರ, ಹೊಸನಗರದ ಆಕಾಶದಲ್ಲಿ ಮೋಡ ಇದೆಯಾ ಇಲ್ಲವಾ ಅನ್ನೋದರ ಮೇಲೆ ಪೀಣ್ಯದ ಲೇತ್ ಮಶಿನ್ ತಿರುಗುತ್ತಿತ್ತು. ಅದಕ್ಕೇ 1985ರಲ್ಲಿ ರಾಯಚೂರು ಹತ್ತಿರ ಕೃಷ್ಣಾ ದಂಡೆಯಲ್ಲಿ ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾಯಿತು. ಪಕ್ಕದಲ್ಲೇ ಮುಂಬೈ–ಚೆನ್ನೈ ರೈಲು ಮಾರ್ಗ, ಎದುರಿಗೆ ನದಿ, ಆಚೆ ರಾಜ್ಯದಲ್ಲಿ ಸಿಂಗರೇಣಿ ಕಲ್ಲಿದ್ದಲು ಗಣಿ. ಜಾಗ ಆರಿಸಿದವರ ಲೆಕ್ಕ ಸರಿಯಾಗಿಯೇ ಇತ್ತು.

ಅಂದರೆ ಈ ಸ್ಥಾವರ ಹುಟ್ಟಿದ್ದೇ ಮಳೆ ಬಾರದ ದಿನಕ್ಕೆ. ಮಧ್ಯದಲ್ಲಿ ಬೇಡಿಕೆ ಏರುತ್ತಾ ಹೋಯಿತು, ಘಟಕದ ಮೇಲೆ ಘಟಕ ಬಂತು, ಎಂಟನೆಯದು 2010ರಲ್ಲಿ. ಆ ವರ್ಷಗಳಲ್ಲಿ ಇದು ಹಗಲು ರಾತ್ರಿ ಓಡುವ ಯಂತ್ರವಾಯಿತು. ಸ್ಥಾವರದ ಪಕ್ಕದ ದೇವಸೂಗೂರಿನ ಕಡೆಯ ಒಂದು ತಲೆಮಾರಿಗೆ ಹೊಗೆ ಇಲ್ಲದ ಚಿಮಣಿ ಗೊತ್ತೇ ಇರಲಿಲ್ಲ. ಈಗ ಚಕ್ರ ತಿರುಗಿ ಮತ್ತೆ ಹಳೇ ಜಾಗಕ್ಕೆ ಬಂದಿದೆ. ಪಾವಗಡದಲ್ಲೇ 2,050 ಮೆಗಾವಾಟ್ ಸೋಲಾರ್ ಇದೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಮಳೆಗಾಲದಲ್ಲಿ ಗಾಳಿಯೂ ಜೋರು, ಜಲಾಶಯಗಳೂ ತುಂಬುತ್ತವೆ, ರೈತರ ಪಂಪ್‌ಸೆಟ್ಟೂ ಬಂದ್. ಆಗ ಕಲ್ಲಿದ್ದಲು ಯಾರಿಗೆ ಬೇಕು? ಬೇಸಿಗೆ ಬಂದರೆ ಎಲ್ಲರಿಗೂ ಬೇಕು. ದಿನದ ಲೆಕ್ಕ ತೆಗೆದುಕೊಂಡರೂ ಅಷ್ಟೇ. ಮಧ್ಯಾಹ್ನ ಬೇಡ, ಸಂಜೆ ಸೂರ್ಯ ಇಳಿದ ಕೂಡಲೇ ಬೇಕು.

ಹಾಗಾದರೆ ಮುಚ್ಚಿಯೇ ಬಿಡಬಹುದಲ್ವಾ ಅಂದರೆ, 2023 ನೆನಪಿಸಿಕೊಳ್ಳಿ. ಮುಂಗಾರು ಕೈಕೊಟ್ಟಿತು. ಅಕ್ಟೋಬರ್ ಹೊತ್ತಿಗೆ ಪಂಪ್‌ಸೆಟ್‌ಗೆ ಕರೆಂಟಿಲ್ಲ ಅಂತ ರೈತರು ಬೀದಿಗಿಳಿದರು. ಖಾಸಗಿ ಉತ್ಪಾದಕರು ಹೊರಗೆ ಮಾರಬಾರದು, ಇಲ್ಲಿಗೇ ಕೊಡಬೇಕು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿಯಬೇಕಾಯಿತು. ಅಂಥ ವರ್ಷದಲ್ಲಿ ಹಳೇ ಘಟಕವೂ ಓಡಲೇಬೇಕು. ಹೀಗಾಗಿ ಸದ್ಯಕ್ಕೆ ಈ ಸ್ಥಾವರಗಳು ಸಾಯುವ ಹಾಗೂ ಇಲ್ಲ, ಮೊದಲಿನ ಹಾಗೆ ಬದುಕುವ ಹಾಗೂ ಇಲ್ಲ. ನಿಂತು ಎದ್ದು, ನಿಂತು ಎದ್ದು ದಿನ ದೂಡುತ್ತಿವೆ. ನಾವು ಜಗಳ ಆಡೋದು ಮಾತ್ರ 'ಓಡಿಸಬೇಕೋ, ಮುಚ್ಚಬೇಕೋ' ಅಂತ. ಈ ನಿಂತು ಏಳುವ ಸ್ಥಿತಿಯ ಬಗ್ಗೆ ಮಾತಾಡುವವರು ಕಡಿಮೆ.

ಮಲಗಿದ್ದನ್ನು ಎಬ್ಬಿಸುವುದು

ಒಂದು ರಾತ್ರಿ ಮಾವನ ಮನೆಯ ಮಾಳಿಗೆ ಮೇಲೆ ಮಲಗಿದ್ದೆವು. ಸೆಕೆ. ಸ್ಥಾವರದ ದೀಪಗಳು ಎದುರಿಗೇ ಕಾಣುತ್ತವೆ, ಚಿಮಣಿಯ ತುದಿಯಲ್ಲಿ ಕೆಂಪು ದೀಪ. ನಿದ್ದೆ ಹತ್ತುವ ಹೊತ್ತಿಗೆ ಭುಸ್ ಅಂತ ದೊಡ್ಡ ಸದ್ದು ಶುರುವಾಯಿತು. ಜೋರಾಗಿ ಉಗಿ ಬಿಡುವ ಸದ್ದು, ನಿಲ್ಲಲೇ ಇಲ್ಲ. ನಾನು ಎದ್ದು ಕೂತೆ. ಮಾವ ಮಲಗಿದಲ್ಲಿಂದಲೇ ಹೇಳಿದರು: "ಲೈಟಪ್ ಮಾಡ್ಯಾರ ಅಳಿಯಾ. ಮಲ್ಕೋ. ಬೆಳಗಿನ ತನಾ ಇದೇ ನಡೀತದ." ಲೈಟಪ್ ಅಂದರೆ ನಿಂತ ಬಾಯ್ಲರಿಗೆ ಮತ್ತೆ ಬೆಂಕಿ ಹಚ್ಚೋದು. ಆಮೇಲೆ ಅವರಿಗೂ ನಿದ್ದೆ ಬರಲಿಲ್ಲವೇನೋ, ಎದ್ದು ಬೀಡಿ ಹಚ್ಚಿದರು. ಚಿಮಣಿ ಕಡೆ ಬೆರಳು ತೋರಿಸಿದರು. ಸ್ಥಾವರದ ಬೆಳಕಿನಲ್ಲಿ ಹೊಗೆ ಕಪ್ಪಗೆ ದಪ್ಪಗೆ ಕಾಣುತ್ತಿತ್ತು. "ಈಗ ಎಣ್ಣಿ ಉರ್ಸಾಕತ್ಯಾರ. ಹೊಗಿ ಬೆಳ್ಳಗಾತಂದ್ರ ಕಲ್ಲಿದ್ದಲಿ ಹಿಡೀತು ಅಂತ ತಿಳ್ಕೋ." ಅವರು ಬಾಯ್ಲರಿನ ಒಳಗೆ ಕಾಲಿಟ್ಟವರಲ್ಲ, ಕಲ್ಲಿದ್ದಲು ಅಂಗಳದವರು. ಆದರೂ ಹೊಗೆ ನೋಡಿಯೇ ಒಳಗೆ ಯಾವ ಹಂತ ನಡೆದಿದೆ ಅಂತ ಹೇಳಬಲ್ಲರು.

ಕಲ್ಲಿದ್ದಲಿಗೆ ಕಡ್ಡಿ ಗೀರಿದರೆ ಹತ್ತುವುದಿಲ್ಲ. ಅದನ್ನು ಮಿಲ್ಲಿನಲ್ಲಿ ಮುಖದ ಪೌಡರಿನಷ್ಟು ನುಣ್ಣಗೆ ಅರೆದು ಬಿಸಿಗಾಳಿಯ ಜೊತೆ ಬಾಯ್ಲರಿಗೆ ಊದುತ್ತಾರೆ. ಆ ಪುಡಿ ಹತ್ತಿಕೊಳ್ಳಬೇಕಾದರೆ ಒಳಗೆ ಆಗಲೇ ಕಾವಿರಬೇಕು. ತಣ್ಣಗಿರುವ ಬಾಯ್ಲರಿಗೆ ಆ ಕಾವು ಕೊಡೋದು ಎಣ್ಣೆ. ಡೀಸೆಲ್, ಆಮೇಲೆ ಫರ್ನೇಸ್ ಆಯಿಲ್. ತಾಸುಗಟ್ಟಲೆ ಎಣ್ಣೆ ಉರಿಸಿ, ನಿಧಾನವಾಗಿ ಒಂದೊಂದೇ ಮಿಲ್ಲು ಸೇರಿಸುತ್ತಾ ಹೋಗುತ್ತಾರೆ. ಉಗಿ 540 ಡಿಗ್ರಿಯ ಹತ್ತಿರ ಬಂದು, ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗಿ, ಗ್ರಿಡ್ಡಿಗೆ ಜೋಡಿಸಿ ಪೂರ್ತಿ ಲೋಡ್ ಹೊರಿಸುವ ಹೊತ್ತಿಗೆ ಅರ್ಧ ದಿನವೇ ಕಳೆದಿರುತ್ತದೆ. ಕಲ್ಲಿದ್ದಲಿನ ಪಕ್ಕದಲ್ಲಿ ಎಣ್ಣೆಯ ಬೆಲೆ ಏನು ಅಂತ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಹೊಗೆಯಲ್ಲಿರುವ ಬೂದಿ ಹಿಡಿಯೋಕೆ ಇಎಸ್‌ಪಿ ಅಂತ ಒಂದು ಯಂತ್ರವಿದೆ. ದೊಡ್ಡ ದೊಡ್ಡ ತಗಡುಗಳ ಮಧ್ಯೆ ಹತ್ತಾರು ಸಾವಿರ ವೋಲ್ಟ್ ಹರಿಸಿದರೆ ಬೂದಿಯ ಕಣ ತಗಡಿಗೆ ಅಂಟುತ್ತದೆ, ಸುತ್ತಿಗೆಯಿಂದ ಬಡಿದು ಉದುರಿಸುತ್ತಾರೆ. ಚೆನ್ನಾಗಿ ನಡೆದರೆ ನೂರರಲ್ಲಿ 99 ಪಾಲಿಗೂ ಜಾಸ್ತಿ ಬೂದಿ ಹಿಡಿಯುತ್ತದೆ. ಆದರೆ ಎಣ್ಣೆ ಉರಿಯುವಾಗ ಇದನ್ನು ಪೂರ್ತಿ ಚಾಲೂ ಮಾಡುವುದಿಲ್ಲ. ಸರಿಯಾಗಿ ಉರಿಯದ ಎಣ್ಣೆ ತಗಡಿಗೆ ಅಂಟಿದರೆ ಬೆಂಕಿ ಬೀಳುವ ಭಯ. ಅಂದರೆ ಸುಮ್ಮನೆ ಓಡುತ್ತಿರುವ ಘಟಕಕ್ಕಿಂತ ಎದ್ದೇಳುತ್ತಿರುವ ಘಟಕದ ಹೊಗೆ ಕೊಳಕು. ವರ್ಷಕ್ಕೆ ಒಂದೆರಡು ಸಲ ಎದ್ದೇಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತಾಗಿರಲಿಲ್ಲ.

ನಿಲ್ಲಿಸೋದೂ ಸಲೀಸಲ್ಲ. ಬಾಯ್ಲರನ್ನು ನೆಲದ ಮೇಲೆ ಕೂರಿಸಿರುವುದಿಲ್ಲ, ಉಕ್ಕಿನ ತೊಲೆಗಳಿಂದ ತೂಗುಹಾಕಿರುತ್ತಾರೆ. ಕಾದಾಗ ಕೆಳಕ್ಕೆ ಹಿಗ್ಗಲಿ, ಆರಿದಾಗ ಮೇಲಕ್ಕೆ ಕುಗ್ಗಲಿ ಅಂತ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಒಳಗಿನ ಕೊಳವೆಗಳು ಎಲ್ಲೋ ಒಂದು ಕಡೆ ಬಾಯಿ ಬಿಡುತ್ತವೆ. 'ಬಾಯ್ಲರ್ ಟ್ಯೂಬ್ ಲೀಕೇಜ್' ಅಂತ ಪೇಪರಿನಲ್ಲಿ ಆಗಾಗ ಓದುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ. ಟರ್ಬೈನಿನ ಕಥೆ ಇನ್ನೂ ವಿಚಿತ್ರ. ನಿಲ್ಲಿಸಿದ ಮೇಲೂ ಅದನ್ನು ಮೋಟಾರ್ ಹಾಕಿ ನಿಧಾನಕ್ಕೆ ತಿರುಗಿಸುತ್ತಲೇ ಇರಬೇಕು. ಬಿಸಿ ಆರುವ ಮೊದಲು ಸುಮ್ಮನೆ ಬಿಟ್ಟರೆ ಶಾಫ್ಟು ಬಾಗಿಬಿಡುತ್ತದೆ. ನಿಂತ ಯಂತ್ರವೂ ಕರೆಂಟು ತಿನ್ನುತ್ತದೆ ಅಂತಾಯಿತು. ಈಗ 2023ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಬೇರೆ ಬಂದಿದೆ. ಪೂರ್ತಿ ನಿಲ್ಲಿಸದೆ, ಹಂತಹಂತವಾಗಿ ಶೇ 40ರಷ್ಟು ಲೋಡಿಗೆ ಇಳಿದು ಓಡುವುದನ್ನು ಕಲಿಯಬೇಕಂತೆ. ದಿನವಿಡೀ ಒಂದೇ ಹದದಲ್ಲಿ ಓಡಲಿ ಅಂತ ಎಂಬತ್ತರ ದಶಕದಲ್ಲಿ ಕಟ್ಟಿದ ಯಂತ್ರಕ್ಕೆ ಈ ವಯಸ್ಸಿನಲ್ಲಿ ಹೊಸ ಪಾಠ.

ಮಾವನ ಅಂಗಳದಲ್ಲೂ ತೊಂದರೆ ಕಡಿಮೆ ಇಲ್ಲ. ಕಲ್ಲಿದ್ದಲು ಸುಡದೆ ಗುಡ್ಡೆ ಬಿದ್ದರೆ ತಾನಾಗಿ ಕಾಯುತ್ತದೆ. ಒಳಗೆ ಗಾಳಿ ಸೇರಿ, ಬಿಸಿ ಏರಿ, ಒಂದು ದಿನ ಗುಡ್ಡೆಯ ಪಕ್ಕದಿಂದ ಹೊಗೆ ಏಳುತ್ತದೆ. ಡೋಜರ್ ಹತ್ತಿಸಿ ತುಳಿಸಬೇಕು, ನೀರು ಹೊಡೆಯುತ್ತಿರಬೇಕು. ಚಿಮಣಿಯಲ್ಲಿ ಹೊಗೆ ಇಲ್ಲದ ದಿನ ಅಂಗಳದಲ್ಲಿ ಹೊಗೆ ಇರುತ್ತದೆ, ಇದನ್ನು ನಾನೇ ನೋಡಿದ್ದೇನೆ. ಮಳೆ ಬಿದ್ದು ತೊಯ್ದರೆ ಇನ್ನೊಂದು ಪಾಡು. ಹಸಿ ಕಲ್ಲಿದ್ದಲು ಕೆಸರಿನ ಹಾಗಾಗಿ ಕಲ್ಲಿದ್ದಲು ಸುರಿಯುವ ಹಾಪರ್ ಬಾಯಿಗೆ ಕಟ್ಟಿಕೊಳ್ಳುತ್ತದೆ. ಆಗ ಹಾರೆ ಹಿಡಿದು ಮೇಲಿಂದ ಚುಚ್ಚುವವರು ಗುತ್ತಿಗೆಯವರೇ. ನೂರಾರು ಕೋಟಿಯ ಸ್ಥಾವರದ ಗಂಟಲು ಬಿಡಿಸೋಕೆ ಕೊನೆಗೆ ಬೇಕಾಗುವುದು ಒಂದು ಹಾರೆ, ಎರಡು ಕೈ.

ಕಾಯುವುದಕ್ಕೂ ಕೂಲಿ ಇದೆ, ಕೆಲವರಿಗೆ

ಸರಿ, ಸ್ಥಾವರ ನಿಂತರೆ ಅದನ್ನು ನಡೆಸುವ ನಿಗಮಕ್ಕೆ ನಷ್ಟ ಅಲ್ವಾ? ಪೂರ್ತಿ ಅಲ್ಲ. ಮನೆಮನೆಗೆ ಕರೆಂಟು ಹಂಚುವ ಎಸ್ಕಾಂ ಕಂಪನಿಗಳು ಇಂಥ ಸ್ಥಾವರಕ್ಕೆ ಕೊಡುವ ದರದಲ್ಲಿ ಎರಡು ಭಾಗ ಇರುತ್ತವೆ. ಒಂದು ಕಲ್ಲಿದ್ದಲಿನ ಖರ್ಚು. ಅದು ಎಷ್ಟು ಯುನಿಟ್ ಕೊಂಡರೋ ಅಷ್ಟಕ್ಕೆ. ಇನ್ನೊಂದು ಸ್ಥಿರ ವೆಚ್ಚ. ಸಾಲದ ಬಡ್ಡಿ, ಸವಕಳಿ, ಹಾಕಿದ ಬಂಡವಾಳದ ಮೇಲೆ ಲಾಭ, ನಿರ್ವಹಣೆಯ ಖರ್ಚು, ಎಲ್ಲ ಇದರಲ್ಲಿ ಸೇರುತ್ತವೆ. ಕರೆಂಟು ಕೊಂಡರೂ ಕೊಳ್ಳದಿದ್ದರೂ ಇದನ್ನು ಕೊಡಬೇಕು. ಸ್ಥಾವರ 'ನಾನು ತಯಾರಿದ್ದೇನೆ' ಅಂತ ಹೇಳುವ ಸ್ಥಿತಿಯಲ್ಲಿದ್ದರೆ ಸಾಕು. ಆ ದುಡ್ಡು ಕೊನೆಗೆ ನಮ್ಮ ಮನೆಯ ಬಿಲ್ಲಿನಿಂದಲೇ ಬರುವುದು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಳೆ ಬಾರದ ವರ್ಷಕ್ಕೆ ಅಂತ ಒಂದು ಯಂತ್ರವನ್ನು ಇಟ್ಟುಕೊಂಡ ಮೇಲೆ ಅದು ಕಾಯುವುದಕ್ಕೂ ಕೂಲಿ ಕೊಡಬೇಕು.

ನನ್ನ ತಕರಾರು ಇರೋದು ಆ ಕೂಲಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನೋದರಲ್ಲಿ. ಬ್ಯಾಂಕು ಕಾಯುತ್ತದೆ, ಬಡ್ಡಿ ಬರುತ್ತದೆ. ಬಂಡವಾಳ ಕಾಯುತ್ತದೆ, ಲಾಭ ಬರುತ್ತದೆ. ಕಾಯಂ ನೌಕರರಿಗೆ ಸಂಬಳ ಬರುತ್ತದೆ, ಬರಬೇಕು ಕೂಡ. ಹಾರೆ ಹಿಡಿಯುವವನು ಮಾತ್ರ ಕಾಯುವ ದಿನಗಳಲ್ಲಿ ಲೆಕ್ಕದಲ್ಲೇ ಇಲ್ಲ. ಅವನೂ ಬೇರೆ ಊರಿಗೆ ಹೋಗುವ ಹಾಗಿಲ್ಲ. ಸೈರನ್ ಯಾವಾಗ ಆಗುತ್ತದೋ, ಸೂಪರ್‌ವೈಸರ್ ಯಾವಾಗ ಫೋನ್ ಮಾಡುತ್ತಾನೋ. ಒಂದು ವರ್ಷ ಮಾವ ಬೇಸತ್ತು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದರು. ಅತ್ತ ಘಟಕಗಳು ಶುರುವಾದವು, ಇತ್ತ ಮಾವನ ಜಾಗಕ್ಕೆ ಗುತ್ತಿಗೆದಾರ ಬೇರೆಯವರನ್ನು ಸೇರಿಸಿಕೊಂಡಾಗಿತ್ತು. ಮತ್ತೆ ಒಳಗೆ ಹೋಗೋಕೆ ಎಷ್ಟೋ ತಿಂಗಳು ಅವರಿವರ ಮನೆ ಬಾಗಿಲು ತಟ್ಟಿದರು. ಆಮೇಲೆ ಮಳೆಗಾಲದಲ್ಲಿ ಊರು ಬಿಟ್ಟು ಎಲ್ಲೂ ಹೋಗಿಲ್ಲ. ಯಂತ್ರ 'ತಯಾರಿದ್ದೇನೆ' ಅಂದರೆ ದುಡ್ಡು. ಮಾವ ತಯಾರಿದ್ದರೆ ಏನೂ ಇಲ್ಲ.

ಕಲ್ಲಿದ್ದಲಿನ ಮೇಲೆ ಹಾಕಿದ ಸೆಸ್ಸಿನ ಕಥೆಯೂ ಇದೇ ಜಾತಿಯದು. 2010ರಲ್ಲಿ ಕೇಂದ್ರ ಸರ್ಕಾರ ಟನ್‌ಗೆ 50 ರೂಪಾಯಿ ಹಾಕಿತು. ಶುದ್ಧ ಇಂಧನಕ್ಕೆ ಅಂತ ನಿಧಿ ಮಾಡಿತು. ಏರುತ್ತಾ ಏರುತ್ತಾ 2016ಕ್ಕೆ ಅದು 400 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಹಣ ರಾಜ್ಯಗಳ ತೆರಿಗೆ ನಷ್ಟ ತುಂಬೋಕೆ ತಿರುಗಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ಸೇ ಹೋಯಿತು, ಬದಲಿಗೆ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಕಲ್ಲಿದ್ದಲಿನ ಹೊಗೆ ಕುಡಿಯುವ ಊರಿಗೆ ಅಂತ ಈ ಹಣದಲ್ಲಿ ಒಂದು ಪಾಲು ತೆಗೆದಿಟ್ಟಿದ್ದರೆ ಏನೇನು ಆಗಬಹುದಿತ್ತು ಅಂತ ಲೆಕ್ಕ ಹಾಕುತ್ತಾ ಕೂತರೆ ಹೊಟ್ಟೆ ಉರಿಯುತ್ತದೆ.

ಇದರ ಜೊತೆಗೆ ರೈಲಿನ ಬಾಡಿಗೆ. ರಾಯಚೂರಿಗೆ ಸಿಂಗರೇಣಿಯಿಂದಲೂ ಬರುತ್ತದೆ, ಒಡಿಶಾದ ತಾಲ್ಚೇರ್ ಕಡೆಯಿಂದಲೂ ಬರುತ್ತದೆ. ತಾಲ್ಚೇರ್ ಅಂದರೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ಬೂದಿಯೇ ಇರುತ್ತದೆ. 58 ವ್ಯಾಗನ್ನಿನ ಒಂದು ರೇಕ್ ಬಂತು ಅಂದರೆ, ಅದರಲ್ಲಿ ಸುಮಾರು 20 ವ್ಯಾಗನ್ ಉರಿಯದ ಬೂದಿಯನ್ನೇ ಅಷ್ಟು ದೂರದಿಂದ ಹೊತ್ತು ತಂದ ಹಾಗೆ. 500 ಕಿಲೋಮೀಟರಿಗಿಂತ ದೂರ ಸಾಗಿಸುವ ಕಲ್ಲಿದ್ದಲಿನಲ್ಲಿ ಬೂದಿ ಶೇ 34 ಮೀರಬಾರದು ಅಂತ 2014ರಲ್ಲಿ ನಿಯಮ ಮಾಡಿದ್ದರು. ತೊಳೆದು ಕಳಿಸಿ ಅಂತ ಅರ್ಥ. 2020ರಲ್ಲಿ ಅದನ್ನೂ ಕೈಬಿಟ್ಟರು. ಬಾಡಿಗೆ ಕೊಟ್ಟು ಬೂದಿ ತರಿಸಿ, ಆಮೇಲೆ ಆ ಬೂದಿಯನ್ನು ಎಲ್ಲಿ ಹಾಕೋದು ಅಂತ ತಲೆ ಕೆಡಿಸಿಕೊಳ್ಳೋದು.

ಆಷಾಢದ ಗಾಳಿ

ಈಗ ಅತ್ತೆಯ ಮಾತಿಗೆ ಬರುತ್ತೇನೆ.

ಆಷಾಢದಲ್ಲಿ ಅವರ ಊರಿಗೆ ಹೋದರೆ ಗಾಳಿ ಅಂದರೆ ಏನು ಅಂತ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಧೋ ಅಂತ ಸುರಿಯುವ ಹೊತ್ತಿಗೆ ಇಲ್ಲಿ ಬರೀ ಗಾಳಿ. ಮೋಡ ತಲೆಯ ಮೇಲೆ ಓಡುತ್ತಾ ಹೋಗುತ್ತದೆ, ಹನಿ ಉದುರಿದರೆ ಪುಣ್ಯ. ನಾನು ಹೋದ ಆ ಸಲ ಘಟಕಗಳು ನಿಂತಿದ್ದವು. ಆಕಾಶ ತಿಳಿಯಾಗಿತ್ತು. ಆದರೆ ಅಡುಗೆಮನೆಯ ಕಿಟಕಿಗೆ ಅತ್ತೆ ಹಳೇ ಸೀರೆ ಒದ್ದೆ ಮಾಡಿ ಕಟ್ಟಿದ್ದರು. ನೀರಿನ ಕೊಡಕ್ಕೆ ತಟ್ಟೆ, ತಟ್ಟೆಯ ಮೇಲೆ ಬಟ್ಟೆ. ರೊಟ್ಟಿ ಬಡಿಯುವ ಮೊದಲು ಕಲ್ಲನ್ನು ಕೈಯಿಂದ ಸವರಿ ಬೆರಳು ನೋಡಿಕೊಂಡರು. ಬೆರಳ ತುದಿ ಬೂದು ಬಣ್ಣ. ತೊಳೆದು, ಒರೆಸಿ, ಹಿಟ್ಟು ಹಾಕಿದರು. ಎರಡು ರೊಟ್ಟಿ ಆದ ಮೇಲೆ ಮತ್ತೆ ಸವರಿ ನೋಡಿದರು. ಮತ್ತೆ ಬೂದು. "ಮಶಿನ್ ಬಂದ್ ಅದಾವಲ್ಲ ಅತ್ತಿ, ಇದೆಲ್ಲಿದು?" ಅಂತ ಕೇಳಿದೆ. "ಹೊಂಡದ್ದು" ಅಂದರು. "ಮಶಿನ್ ನಡದಾಗ ಹೊಂಡ ಹಸಿ ಇರ್ತದ. ನಿಂತ್ರ ಒಣಗ್ತದ. ಒಣಗಿದ್ಮ್ಯಾಲ ಅದು ಅಲ್ಲೇ ಕುಂದ್ರತದೇನು?"

ನಾನು ಓದಿದ ಯಾವ ವರದಿಗಿಂತಲೂ ಇದು ಸ್ಪಷ್ಟವಾಗಿತ್ತು. ಸುಟ್ಟ ಮೇಲೆ ಉಳಿಯುವ ಬೂದಿಯಲ್ಲಿ ನೂರಕ್ಕೆ 80 ಪಾಲು ಹೊಗೆಯ ಜೊತೆ ಹಾರುವಂಥದ್ದು, ಅದೇ ಹಾರುಬೂದಿ. ಉಳಿದದ್ದು ಬಾಯ್ಲರಿನ ತಳಕ್ಕೆ ಬೀಳುತ್ತದೆ. ಹಾರುಬೂದಿಯನ್ನು ಒಣಗಿದ್ದಾಗಲೇ ಹಿಡಿದು ಟ್ಯಾಂಕರಿಗೆ ತುಂಬಿದರೆ ಸಿಮೆಂಟ್ ಕಾರ್ಖಾನೆಯವರು ಒಯ್ಯುತ್ತಾರೆ. ಪೋರ್ಟ್‌ಲ್ಯಾಂಡ್ ಪೊಜೊಲಾನ ಸಿಮೆಂಟಿನಲ್ಲಿ ಶೇ 35ರವರೆಗೆ ಇದನ್ನು ಬೆರೆಸಬಹುದು. ಒಯ್ಯದೆ ಉಳಿದದ್ದನ್ನು ಮತ್ತು ತಳದ ಬೂದಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಹೊಂಡಕ್ಕೆ ಬಿಡುತ್ತಾರೆ. ಹೊಂಡ ಅಂದರೆ ಸಣ್ಣದಲ್ಲ, ಕೆರೆಯಷ್ಟು ಅಗಲ. ಘಟಕ ಓಡುವಾಗ ಈ ಬೂದಿನೀರು ಬರುತ್ತಲೇ ಇರುತ್ತದೆ, ಮೇಲ್ಮೈ ಒದ್ದೆಯಾಗಿರುತ್ತದೆ. ಘಟಕ ನಿಂತರೆ ನೀರೂ ನಿಂತಿತು. ಕೆಲವೇ ದಿನಕ್ಕೆ ಮೇಲಿನ ಪದರ ಪುಡಿಪುಡಿ. ಆಮೇಲೆ ಆಷಾಢದ ಗಾಳಿಗೆ ಬೇರೆ ಕೆಲಸ ಏನಿದೆ?

ನೋಡಿ, ಇದರ ವಿಪರ್ಯಾಸ ಎಲ್ಲಿದೆ ಅಂತ. ಮಳೆ ಬೀಳೋದು ಲಿಂಗನಮಕ್ಕಿಯ ಮೇಲೆ. ಆ ಮಳೆಯಿಂದ ಇಲ್ಲಿ ಘಟಕ ನಿಲ್ಲುತ್ತದೆ. ಘಟಕ ನಿಂತದ್ದರಿಂದ ಹೊಂಡ ಒಣಗುತ್ತದೆ. ಒಣಗಿದ ಹೊಂಡವನ್ನು ತೋಯಿಸುವ ಮಳೆ ಮಾತ್ರ ಇಲ್ಲಿಗೆ ಬರುವುದಿಲ್ಲ. ಮಲೆನಾಡಿಗೂ ಬಯಲುಸೀಮೆಗೂ ಒಂದೇ ಗ್ರಿಡ್ಡು, ಆದರೆ ಮಳೆಗಾಲ ಒಂದೇ ಅಲ್ಲ. ಬೆಂಗಳೂರಿನಲ್ಲಿ ಕೂತು ಬಟನ್ ಒತ್ತುವವರಿಗೆ ಕಾಣುವುದು ಮೆಗಾವಾಟ್ ಮಾತ್ರ. ಹಾಗೇ ಇರಬೇಕು ಕೂಡ, ಅವರ ಕೆಲಸವೇ ಅದು. ಹೊಂಡ ಒಣಗಿದೆಯಾ ಅಂತ ನೋಡುವ ಕೆಲಸ ಇನ್ಯಾರದೋ. ಆ ಇನ್ಯಾರೋ ಯಾರು ಅನ್ನೋದೇ ಪ್ರಶ್ನೆ.

ಬೂದಿಯ ಬಗ್ಗೆ ಕಾನೂನು ಇಲ್ಲ ಅಂತಲ್ಲ. 1999ರಲ್ಲೇ ಕೇಂದ್ರ ಅಧಿಸೂಚನೆ ಬಂತು. ಆಮೇಲೆ ಎಷ್ಟೋ ಸಲ ತಿದ್ದಿದರು. 2021ರ ಡಿಸೆಂಬರ್ 31ರದ್ದು ಸಾಕಷ್ಟು ಗಟ್ಟಿಯಾಗಿದೆ. ಬೂದಿಯನ್ನೆಲ್ಲ ಬಳಸಲೇಬೇಕು, ಬಳಸದಿದ್ದರೆ ಟನ್ ಲೆಕ್ಕದಲ್ಲಿ ದಂಡ. ಆದರೆ ಈ ಬಳಕೆಯ ವ್ಯವಹಾರ ಕೂಡ ಸ್ಥಾವರ ಓಡುತ್ತದೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಸ್ಥಾವರದ ಸುತ್ತ ಬೂದಿ ಇಟ್ಟಿಗೆಯ ಸಣ್ಣ ಸಣ್ಣ ಘಟಕಗಳಿವೆ. ಟ್ಯಾಂಕರ್ ಓಡಿಸುವವರಿದ್ದಾರೆ, ಸಾಲ ಮಾಡಿ ಒಂದು ಗಾಡಿ ತಂದವರಿದ್ದಾರೆ, ಹೊಂಡದಿಂದ ಹಸಿಬೂದಿ ತುಂಬುವವರಿದ್ದಾರೆ. ಘಟಕ ನಿಂತರೆ ಒಣಬೂದಿ ಇಲ್ಲ, ಟ್ಯಾಂಕರ್ ಮರದ ನೆರಳಲ್ಲಿ. ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತದೆ. ಮತ್ತೆ ಶುರುವಾದ ದಿನ ನಷ್ಟ ತುಂಬಿಕೊಳ್ಳುವ ಆತುರದಲ್ಲಿ ಜಾಸ್ತಿ ಲೋಡ್, ಜಾಸ್ತಿ ಟ್ರಿಪ್. ರಸ್ತೆಯ ಗುಂಡಿಯಲ್ಲಿ ಗಾಡಿ ಕುಲುಕಿದ ಕಡೆಯೆಲ್ಲ ಬೂದಿ ಚೆಲ್ಲಿರುತ್ತದೆ. ಬೈಕಿನವನು ಕಣ್ಣು ಉಜ್ಜಿಕೊಳ್ಳುತ್ತಾ ಹೋಗುತ್ತಾನೆ. ಅತ್ತೆಗೆ ಬೂದಿಯ ಮೇಲೆ ಸಿಟ್ಟು. ಅವರ ತಮ್ಮನಿಗೆ ಬೂದಿಯ ಟ್ಯಾಂಕರೇ ಅನ್ನ. ಹಬ್ಬಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಈ ವಿಷಯ ಎತ್ತುವುದಿಲ್ಲ.

ಗಂಧಕದ ಹೊಗೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಯಾಕೆಂದರೆ ಬರೆಯೋಕೆ ಉಳಿದಿರೋದು ಕಡಿಮೆ. 2015ರ ಡಿಸೆಂಬರಿನಲ್ಲಿ ಮಿತಿ ಹಾಕಿದರು, ಎರಡು ವರ್ಷ ಗಡುವು ಕೊಟ್ಟರು. ಗಡುವು ಮುಂದಕ್ಕೆ, ಮತ್ತೆ ಮುಂದಕ್ಕೆ. ಕೊನೆಗೆ 2025ರ ಜುಲೈನಲ್ಲಿ ದೊಡ್ಡ ಪಟ್ಟಣಗಳಿಂದ ದೂರ ಇರುವ ಹೆಚ್ಚಿನ ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರ ಹಾಕುವುದರಿಂದಲೇ ವಿನಾಯಿತಿ ಕೊಟ್ಟರು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಕ್ಕೆ ಖರ್ಚು ಜಾಸ್ತಿ ಅನ್ನುವ ವಾದ ಇದೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಪಟ್ಟಣದಿಂದ ದೂರ ಅನ್ನೋದು ಜನರಿಂದ ದೂರ ಅಂತ ಯಾವಾಗ ಆಯಿತು?

ಹಾಗಾದರೆ ಏನು ಮಾಡಬೇಕು

ದೊಡ್ಡ ಪರಿಹಾರ ನನ್ನ ಹತ್ತಿರ ಇಲ್ಲ. ಹಳೇ ಘಟಕಗಳಿಗೆ ನಲವತ್ತು ವರ್ಷ ಆಯಿತು, ಅವು ಒಂದೊಂದಾಗಿ ಹೋಗಲೇಬೇಕು. ಬ್ಯಾಟರಿ ಬರಲಿ, ನೀರನ್ನು ಮೇಲೆತ್ತಿ ಮತ್ತೆ ಬಿಡುವ ಯೋಜನೆಗಳ ಜಗಳ ಬಗೆಹರಿಯಲಿ, ಅಲ್ಲಿಯವರೆಗೆ ಇವು ಕಾಯುತ್ತಾ ಕೂತಿರುತ್ತವೆ. ಆ ಕಾಲ ಐದು ವರ್ಷವೋ ಹದಿನೈದು ವರ್ಷವೋ. ನನಗೆ ಕಾಣುವುದು ಈ ನಡುವಿನ ಕಾಲದಲ್ಲಿ ಮಾಡಬಹುದಾದ ಎರಡು ಸಣ್ಣ ಕೆಲಸ.

ಘಟಕ ಯಾವಾಗ ನಿಲ್ಲಬಹುದು ಅನ್ನೋದು ಈಗ ಗುಟ್ಟೇನಲ್ಲ. ಜಲಾಶಯದ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. ಗಾಳಿ, ಬಿಸಿಲಿನ ಅಂದಾಜು ಗ್ರಿಡ್ಡಿನವರ ಹತ್ತಿರ ಇರುತ್ತದೆ. ಹಾಗಿದ್ದ ಮೇಲೆ ನಿಲ್ಲಿಸುವ ಮೊದಲೇ ಹೊಂಡಕ್ಕೆ ನೀರು ಹಾಯಿಸುವ ವ್ಯವಸ್ಥೆ ಮಾಡಬಹುದು. ತುಂಬಿದ ಹೊಂಡಗಳ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಬಹುದು. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಪಂಪು ಪೈಪು ಸಾಕು. ಹಾಗೆಯೇ, ಸ್ಥಿರ ವೆಚ್ಚ ಅಂತ ಎಸ್ಕಾಂ ಕೊಡುವ ದುಡ್ಡಿನಲ್ಲಿ ಗುತ್ತಿಗೆ ಕಾರ್ಮಿಕರ ಕಾಯುವ ದಿನಗಳ ಕೂಲಿಯನ್ನೂ ಬರೆದು ಸೇರಿಸಬಹುದು. ಅರ್ಧ ಕೂಲಿಯಾದರೂ ಸರಿ. ಬಿಲ್ಲಿನಲ್ಲಿ ಯುನಿಟ್‌ಗೆ ಎಷ್ಟು ಪೈಸೆ ಏರುತ್ತದೆ ಅಂತ ಲೆಕ್ಕ ತೋರಿಸಲಿ. ನಾನಂತೂ ಗೊಣಗದೆ ಕೊಡುತ್ತೇನೆ. ಯಂತ್ರ ಕಾಯುವುದಕ್ಕೆ ಕೊಡುತ್ತಿಲ್ಲವಾ?

ಕರೆಂಟಿನ ದರ ಏರಿಸುವ ಮೊದಲು, ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ಜನರಿಂದ ಆಕ್ಷೇಪಣೆ ಕೇಳುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಬರೆದು ಕೊಡಬಹುದು. ಹೆಚ್ಚಾಗಿ ಅಲ್ಲಿ ಮಾತಾಡುವವರು ಕೈಗಾರಿಕೆಯವರು, ರೈತ ಸಂಘದವರು. ಹೊಂಡದ ಪಕ್ಕದ ಊರಿನವರು ಅಲ್ಲಿಗೆ ಹೋಗಿದ್ದು ನಾನಂತೂ ಕೇಳಿಲ್ಲ. ಮುಂದಿನ ಸಲ ಈ ಎರಡು ಅಂಶ ಬರೆದು ಕೊಡೋಣ ಅಂತ ಕರಡು ಮಾಡಿಟ್ಟಿದ್ದೇನೆ. ಕಾಯುವ ದಿನಗಳ ಲೆಕ್ಕ ಬೇಕಿತ್ತು, ಮಾವನಿಗೆ ಫೋನ್ ಮಾಡಿ ಕೇಳಿದೆ. ಹಾಜರಿ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದಾರಂತೆ, ಎಷ್ಟೋ ವರ್ಷದ್ದು. ಫೋಟೋ ತೆಗೆದು ಕಳಿಸಲಾ ಅಂದರು. ಕಳಿಸಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು.

"ಕಳಸ್ತೀನಿ ಅಳಿಯಾ. ಆದ್ರ ನನ್ನ ಹೆಸರು ಇದ್ದಲ್ಲಿ ಬೆರಳು ಇಟ್ಟು ತೆಗಸ್ತೀನಿ, ನಡೀತದಿಲ್ಲೋ?"